ಒಂಬತ್ತೋ, ನಲವತ್ತೈದೋ? ಪಿಸ್ತೂಲಿನ ತೋಟಾಗಳ ಲೆಕ್ಕಾಚಾರ

 

ಈ ಸಲದ ವಿಷಯ ನಾವು ಆರಿಸಿಕೊಂಡದ್ದಲ್ಲ, ಕೇಳುಗರೊಬ್ಬರು ಕೊಟ್ಟದ್ದು. ಟೆಕ್ಸಸ್‌ನಲ್ಲಿರುವ ಕನ್ನಡಿಗರು. ಅವರ ಪಕ್ಕದ ಬೀದಿಯಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿದ್ದರಂತೆ. ಮನೆಯಲ್ಲಿ ಎಲ್ಲರಿಗೂ ಭಯ. ಆಫೀಸಿನ ಗೆಳೆಯರು "ಒಂದು ಪಿಸ್ತೂಲು ತಗೊಂಡುಬಿಡು" ಅಂದರಂತೆ. ಆದರೆ ಅವರಲ್ಲೇ ಎರಡು ಪಕ್ಷ. ಒಬ್ಬ 9 ಮಿ.ಮೀ. ಸಾಕು ಅಂತಾನೆ, ಇನ್ನೊಬ್ಬ 45ಕ್ಕಿಂತ ಕಡಿಮೆಯದ್ದನ್ನು ಮುಟ್ಟಲೇಬೇಡ ಅಂತಾನೆ. "ಇದರಲ್ಲಿ ವಿಜ್ಞಾನ ಏನು ಹೇಳುತ್ತೆ? ನೀವು ಜೀವವಿಜ್ಞಾನದವರು, ಸ್ವಲ್ಪ ವಿಚಾರಿಸಿ ಹೇಳಿ" ಅಂತ ಬರೆದಿದ್ದರು.

ಮೊದಲು ಬೇಡ ಅನ್ನಿಸಿತು. ನಾವು ಬಂದೂಕಿನ ತಜ್ಞರಲ್ಲ. ಆಮೇಲೆ ಓದುತ್ತಾ ಹೋದ ಹಾಗೆ, ಇದು ಲೋಹದ ಪ್ರಶ್ನೆಗಿಂತ ಹೆಚ್ಚಾಗಿ ದೇಹದ ಪ್ರಶ್ನೆ ಅಂತ ಗೊತ್ತಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸೈನ್ಯದವರು, ಪೊಲೀಸರು, ಶಸ್ತ್ರಚಿಕಿತ್ಸಕರು ಇದರ ಮೇಲೆ ಜಗಳ ಆಡುತ್ತಿದ್ದಾರೆ. ಆ ಜಗಳದಲ್ಲಿ ಆಗಿರುವ ತಪ್ಪುಗಳು ನಮ್ಮ ಪ್ರಯೋಗಾಲಯದಲ್ಲಿ ದಿನಾ ಆಗುವ ತಪ್ಪುಗಳಂಥವೇ. ಹಾಗಾಗಿ ಕೂತು ಮಾತಾಡೋಣ.

ಮೊದಲು ಪದಗಳು. ಮಲೆನಾಡಿನ ಕಡೆಯವರು ತೋಟಾ ಅಂತಾರೆ, ಕೆಲವರು ಕಾಡತೂಸು ಅಂತಾರೆ. ನಾವು ಮಾತಿನಲ್ಲಿ ಇಡೀ ತೋಟಾವನ್ನೇ ಗುಂಡು ಅಂದುಬಿಡುತ್ತೇವೆ, ಆದರೆ ಗುಂಡು ಅದರ ಒಂದು ಭಾಗ ಮಾತ್ರ. ತೋಟಾದಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಮೇಲೆ ಬಿರಡೆಯ ಹಾಗೆ ಕೂತ ಗುಂಡು. ಟ್ರಿಗರ್ ಒತ್ತಿದಾಗ ಮದ್ದು ಉರಿದು ಅನಿಲವಾಗುತ್ತದೆ, ಆ ಒತ್ತಡ ಗುಂಡನ್ನು ಮುಂದಕ್ಕೆ ನೂಕುತ್ತದೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಅದೇ ಒತ್ತಡದ ಹಿಂದಿನ ಒದೆತ ಮೇಲಿನ ಜಾರುಭಾಗವನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ಕೊಳವೆ ಹೊರಗೆ ಹಾರುತ್ತದೆ, ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲಕ್ಕೆತ್ತುತ್ತದೆ. ಒಂದು ಸಲ ಒತ್ತಿದರೆ ಒಂದೇ ಗುಂಡು, ಆದರೆ ಮುಂದಿನದು ತಾನೇ ತಯಾರು.

ಈಗ ನಮ್ಮ ಸ್ಪರ್ಧಿಗಳು. 9 ಮಿ.ಮೀ. ಪ್ಯಾರಾಬೆಲಂ ಆಸ್ಟ್ರಿಯಾದ ಗೇಆರ್ಗ್ ಲೂಗರ್ ಅವರ ವಿನ್ಯಾಸ, 20ನೇ ಶತಮಾನದ ಮೊದಲ ವರ್ಷಗಳದ್ದು. .45 ಎಸಿಪಿ ಅಮೆರಿಕದ ಜಾನ್ ಬ್ರೌನಿಂಗ್ ಅವರದ್ದು, 1911ರಲ್ಲಿ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡಿತು. ಇಲ್ಲಿ .45 ಅಂದರೆ ಅಂಗುಲದ ನೂರರಲ್ಲಿ 45 ಪಾಲು, ಸುಮಾರು ಹನ್ನೊಂದೂವರೆ ಮಿ.ಮೀ. ದಪ್ಪ. ಇವೆರಡರ ನಡುವೆ 1990ರಲ್ಲಿ ಹುಟ್ಟಿದ್ದು .40 ಎಸ್ ಅಂಡ್ ಡಬ್ಲ್ಯು.

ಮಾಮೂಲಿ 9 ಮಿ.ಮೀ. ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. .45ರ ಗುಂಡು ಸುಮಾರು 15 ಗ್ರಾಂ, ಆದರೆ ನಿಧಾನ, ಸೆಕೆಂಡಿಗೆ ಸುಮಾರು 255 ಮೀಟರ್. ಚಲನಶಕ್ತಿಯ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 490 ಜೂಲ್, ಎರಡನೆಯದು ಸುಮಾರು 485 ಜೂಲ್. .40ರದ್ದು 525ರ ಆಸುಪಾಸು. ಹೆಚ್ಚುಕಮ್ಮಿ ಒಂದೇ, ಅಲ್ವಾ? ಒಂದು ಹಗುರ ಮತ್ತು ವೇಗ, ಇನ್ನೊಂದು ಭಾರ ಮತ್ತು ನಿಧಾನ. ಹಾಗಿದ್ದರೆ ನೂರು ವರ್ಷದ ಜಗಳ ಯಾತಕ್ಕೆ?

45ರ ಪಕ್ಷದವರು ಹೇಳುವುದು ಹೀಗೆ: ಶಕ್ತಿಯನ್ನು ಬಿಡಿ, ಸಂವೇಗವನ್ನು ನೋಡಿ. ತೂಕವನ್ನು ವೇಗದಿಂದ ಗುಣಿಸಿದರೆ .45 ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಮುಂದಿದೆ. ಅದು ಮನುಷ್ಯನನ್ನು ಹೊಡೆದು ಕೆಡವುತ್ತದೆ ಅನ್ನುವುದು ಅವರ ನಂಬಿಕೆ. ನಮ್ಮ ಸಿನಿಮಾಗಳೂ ಅದನ್ನೇ ಹೇಳಿಕೊಟ್ಟಿವೆ. ಗುಂಡು ತಗುಲಿದ ಖಳನಾಯಕ ಹತ್ತಡಿ ಹಿಂದಕ್ಕೆ ಹಾರಿ ಗಾಜು ಒಡೆದುಕೊಂಡು ಬೀಳುತ್ತಾನೆ.

ಒಂದು ಕ್ರಿಕೆಟ್ ಚೆಂಡು ತಗೊಳ್ಳಿ. ತೂಕ ಸುಮಾರು 160 ಗ್ರಾಂ. ವೇಗದ ಬೌಲರ್ ಗಂಟೆಗೆ 140 ಕಿ.ಮೀ. ವೇಗದಲ್ಲಿ ಎಸೆದರೆ ಅದರ ಸಂವೇಗ .45ರ ಗುಂಡಿಗಿಂತ ಒಂದೂವರೆ ಪಟ್ಟು ಹೆಚ್ಚು! ಆ ಚೆಂಡು ಎದೆಗೆ ಬಡಿದರೆ ಬ್ಯಾಟ್ಸ್‌ಮನ್ ನೋವಿನಿಂದ ಬಗ್ಗುತ್ತಾನೆ, ಹಿಂದಕ್ಕೆ ಹಾರಿ ವಿಕೆಟ್ ಕೀಪರ್ ಕಾಲ ಬಳಿ ಬೀಳುವುದಿಲ್ಲ. .45ರ ಗುಂಡು 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಪೂರ್ತಿ ನಿಂತರೂ ಆತನಿಗೆ ಸಿಗುವ ವೇಗ ಸೆಕೆಂಡಿಗೆ ಐದೂವರೆ ಸೆಂಟಿಮೀಟರ್. ನಾವು ಆರಾಮಾಗಿ ನಡೆಯುವ ವೇಗದ ಇಪ್ಪತ್ತನೇ ಒಂದು ಪಾಲೂ ಇಲ್ಲ. ನ್ಯೂಟನ್ನನ ಮೂರನೇ ನಿಯಮ ಶಾಲೆಯಲ್ಲೇ ಓದಿದ್ದೇವೆ. ಗುಂಡು ತಗುಲಿದವನನ್ನು ಅದು ಹಾರಿಸಿ ಕೆಡವುವ ಹಾಗಿದ್ದರೆ, ಹೊಡೆದವನೂ ಹಿಂದಕ್ಕೆ ಹಾರಿ ಬೀಳಬೇಕಿತ್ತು.

ಹಾಗಾದರೆ ಕ್ರಿಕೆಟ್ ಚೆಂಡು ಮೂಗೇಟು ಮಾಡುತ್ತದೆ, ಗುಂಡು ಕೊಲ್ಲುತ್ತದೆ, ಯಾಕೆ? ಗುಂಡು ತನ್ನ ಶಕ್ತಿಯನ್ನೆಲ್ಲ ಬೆರಳ ತುದಿಯಷ್ಟು ಜಾಗದಲ್ಲಿ ಇಟ್ಟು ಒಳಗೆ ತೂರುತ್ತದೆ. ದೂಡುವುದು ಅದರ ಕೆಲಸವಲ್ಲ, ತೂತು ಮಾಡುವುದು. ಅಂದಮೇಲೆ ಕೇಳಬೇಕಾದ ಪ್ರಶ್ನೆ ಎಷ್ಟು ಜೋರು ಅನ್ನುವುದಲ್ಲ, ಎಷ್ಟು ಆಳ, ಎಷ್ಟು ಅಗಲ, ಮುಖ್ಯವಾಗಿ ಎಲ್ಲಿ.

ಇದನ್ನು ಅಳೆಯಲು ನಡೆದ ಹಳೆಯ ಪ್ರಯತ್ನ 1904ರದ್ದು. ಫಿಲಿಪೈನ್ಸ್‌ನಲ್ಲಿ ಮೋರೋ ಜನರ ವಿರುದ್ಧ ಹೋರಾಡಿದ್ದ ಅಮೆರಿಕದ ಸೈನಿಕರು, ನಮ್ಮ .38ರ ರಿವಾಲ್ವರ್ ಎದುರಾಳಿಯನ್ನು ತಡೆಯುತ್ತಿಲ್ಲ ಅಂತ ದೂರಿದ್ದರು. ಜಾನ್ ಥಾಂಪ್ಸನ್ ಅನ್ನುವ ಸೇನಾಧಿಕಾರಿ ಮತ್ತು ಲೂಯಿ ಲಗಾರ್ಡ್ ಅನ್ನುವ ಸೇನಾ ವೈದ್ಯ ಷಿಕಾಗೋದ ಕಸಾಯಿಖಾನೆಗಳ ಪ್ರದೇಶದಲ್ಲಿ ಜೀವಂತ ದನಗಳ ಮೇಲೆ ಬೇರೆ ಬೇರೆ ಗುಂಡು ಹಾರಿಸಿ ನೋಡಿದರು. ಮನುಷ್ಯರ ಶವಗಳ ಮೇಲೂ ಪ್ರಯೋಗ ಮಾಡಿದರು. ಇವತ್ತು ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪುವುದಿಲ್ಲ. ವಿಧಾನದ ದೃಷ್ಟಿಯಿಂದಲೂ ಅದು ದುರ್ಬಲವೇ. ಪ್ರಾಣಿಗಳ ಸಂಖ್ಯೆ ಕಡಿಮೆ, ಗುಂಡು ತಗುಲಿದ ಜಾಗ ಪ್ರತಿ ಸಲವೂ ಬೇರೆ. ಆದರೂ .45ಕ್ಕಿಂತ ಕಡಿಮೆ ಇರಬಾರದು ಅಂತ ವರದಿ ಬರೆದರು. ಆ ಒಂದು ವಾಕ್ಯದ ಮೇಲೆ ಅಮೆರಿಕದ ಸೈನ್ಯ 1985ರವರೆಗೆ .45ರ ಪಿಸ್ತೂಲನ್ನೇ ಇಟ್ಟುಕೊಂಡಿತು.

ಇನ್ನು ಎರಡನೇ ತಿರುವು. 1986ರ ಏಪ್ರಿಲ್ 11, ಮಯಾಮಿ. ಬ್ಯಾಂಕ್ ದರೋಡೆಯ ಇಬ್ಬರು ಶಂಕಿತರನ್ನು ಎಫ್‌ಬಿಐನ ಎಂಟು ಜನ ಅಡ್ಡಗಟ್ಟಿದರು. ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಸಿಬ್ಬಂದಿ ಸತ್ತರು, ಐವರು ಗಾಯಗೊಂಡರು, ಇಬ್ಬರು ಶಂಕಿತರೂ ಸತ್ತರು. ಮರಣೋತ್ತರ ಪರೀಕ್ಷೆಯಲ್ಲಿ ತಿಳಿದದ್ದು ಇದು: ಕಾಳಗದ ಆರಂಭದ ಹಂತದಲ್ಲೇ ಒಂದು 9 ಮಿ.ಮೀ. ಗುಂಡು ಶಂಕಿತರಲ್ಲಿ ಒಬ್ಬನ ತೋಳನ್ನು ಹಾಯ್ದು, ಎದೆಯೊಳಗೆ ಹೋಗಿ, ಶ್ವಾಸಕೋಶವನ್ನು ಕುಗ್ಗಿಸಿ, ಹೃದಯಕ್ಕೆ ಸುಮಾರು ಒಂದು ಅಂಗುಲ ದೂರದಲ್ಲಿ ನಿಂತುಬಿಟ್ಟಿತ್ತು. ಆ ಗಾಯದಿಂದ ಆತ ಬದುಕುವುದು ಕಷ್ಟವಿತ್ತು. ಆದರೆ ಅದಾದ ಮೇಲೂ ನಿಮಿಷಗಟ್ಟಲೆ ಹೋರಾಡಿದ, ಆ ಇಬ್ಬರನ್ನು ಕೊಂದದ್ದೂ ಅದಾದ ಮೇಲೆಯೇ.

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರಾಣಾಂತಿಕ ಗಾಯ ಬೇರೆ, ತಕ್ಷಣ ನಿಲ್ಲಿಸುವ ಗಾಯ ಬೇರೆ. ಈ ಎರಡನ್ನು ಬೆರೆಸಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ದೇಹ ತಕ್ಷಣ ಕುಸಿಯಬೇಕಾದರೆ ಮೆದುಳಿಗೋ ಬೆನ್ನುಹುರಿಯ ಮೇಲ್ಭಾಗಕ್ಕೋ ಪೆಟ್ಟಾಗಬೇಕು. ಉಳಿದ ದಾರಿ ಒಂದೇ, ರಕ್ತ ಸೋರಿ ಮೆದುಳಿಗೆ ಆಮ್ಲಜನಕ ತಪ್ಪುವುದು. ಅದಕ್ಕೆ ಸಮಯ ಬೇಕು. ಹೃದಯವೇ ನಿಂತರೂ ಮೆದುಳಲ್ಲಿರುವ ಆಮ್ಲಜನಕದ ಬಲದಲ್ಲಿ ಮನುಷ್ಯ 10ರಿಂದ 15 ಸೆಕೆಂಡು ಇಚ್ಛೆಯಂತೆ ಕೈಕಾಲು ಆಡಿಸಬಲ್ಲ. ಎಫ್‌ಬಿಐ 1989ರಲ್ಲಿ ಹೊರತಂದ ವರದಿ ಇದನ್ನು ಬಿಡಿಸಿ ಹೇಳಿತು. ಇದಕ್ಕೆ ಮೂರನೆಯದೊಂದು ಸೇರುತ್ತದೆ, ಮನಸ್ಸು. ಸಣ್ಣ ಗಾಯಕ್ಕೇ ಹೆದರಿ ಕೂತುಬಿಡುವವರು ಇದ್ದಾರೆ, ಗುಂಡು ತಗುಲಿದ್ದೇ ಗೊತ್ತಾಗದವರೂ ಇದ್ದಾರೆ. ಅದನ್ನು ಯಾವ ತೋಟಾವೂ ತೀರ್ಮಾನಿಸುವುದಿಲ್ಲ.

ಮಯಾಮಿಯ ನಂತರ ಎಫ್‌ಬಿಐ ತಜ್ಞರನ್ನು ಕರೆಸಿತು. ಅವರಲ್ಲಿ ಮಾರ್ಟಿನ್ ಫ್ಯಾಕ್ಲರ್ ಅನ್ನುವ ಸೇನಾ ಶಸ್ತ್ರಚಿಕಿತ್ಸಕರ ಕೆಲಸ ನಮಗೆ ತುಂಬಾ ಹಿಡಿಸಿತು. ಅವರ ಸಾಧನ ಏನು ಗೊತ್ತಾ? ಜೆಲಟಿನ್. ಮಕ್ಕಳು ತಿನ್ನುವ ಜೆಲ್ಲಿಯ ಅಣ್ಣ ಅನ್ನಿ. ಹಂದಿಯ ಚರ್ಮದ ಕೊಲಾಜೆನ್‌ನಿಂದ ಬರುವ ಈ ವಸ್ತುವನ್ನು ನೂರಕ್ಕೆ ಹತ್ತರ ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ, ಗುಂಡು ಅದರಲ್ಲಿ ಹೋಗುವ ಆಳ ಹಂದಿಯ ಸ್ನಾಯುವಿನಲ್ಲಿ ಹೋಗುವ ಆಳಕ್ಕೆ ಹೊಂದುತ್ತದೆ ಅಂತ ಅವರು ಹೋಲಿಸಿ ತೋರಿಸಿದ್ದರು. ಪ್ರತಿ ಗಟ್ಟಿಯನ್ನೂ ಮೊದಲು ಪರೀಕ್ಷೆ ಮಾಡಬೇಕು. ಸಣ್ಣ ಉಕ್ಕಿನ ಗೋಲಿಯನ್ನು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊಡೆದರೆ ಅದು ಎಂಟೂವರೆ ಸೆಂ.ಮೀ. ಆಸುಪಾಸಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಆ ಗಟ್ಟಿ ಕಸಕ್ಕೆ. ಪ್ರಯೋಗಾಲಯದಲ್ಲಿ ಕಂಟ್ರೋಲ್ ಇಲ್ಲದೆ ಬಂದ ಫಲಿತಾಂಶವನ್ನು ಯಾರೂ ನಂಬುವುದಿಲ್ಲವಲ್ಲ, ಹಾಗೆ.

ಜೆಲಟಿನ್‌ನಲ್ಲಿ ಎರಡು ಬಗೆಯ ಕುಹರ ಕಾಣುತ್ತದೆ. ಗುಂಡು ಜಜ್ಜಿಕೊಂಡು ಹೋದ ಶಾಶ್ವತ ದಾರಿ ಒಂದು. ಅದರ ಸುತ್ತ ಕ್ಷಣಮಾತ್ರ ಉಬ್ಬಿ ಮತ್ತೆ ಮುಚ್ಚಿಕೊಳ್ಳುವ ತಾತ್ಕಾಲಿಕ ಕುಹರ ಇನ್ನೊಂದು. ನಿಧಾನಗತಿಯ ವಿಡಿಯೋದಲ್ಲಿ ಈ ಎರಡನೆಯದು ಭಯಂಕರವಾಗಿ ಕಾಣುತ್ತದೆ, ಅದನ್ನು ನೋಡಿಯೇ ಜನ ಮರುಳಾಗುವುದು. ಆದರೆ ಸ್ನಾಯು, ಶ್ವಾಸಕೋಶ, ಚರ್ಮ ಇವೆಲ್ಲ ರಬ್ಬರಿನಂಥವು. ಹಿಗ್ಗಿ ವಾಪಸ್ಸು ಬರುತ್ತವೆ. ಯಕೃತ್ತು, ಮೆದುಳು ಹಾಗಲ್ಲ, ಅವು ಹರಿಯುತ್ತವೆ. ರೈಫಲ್ಲಿನ ವೇಗದಲ್ಲಿ ತಾತ್ಕಾಲಿಕ ಕುಹರಕ್ಕೆ ದೊಡ್ಡ ಪಾತ್ರ ಇದೆ. ಪಿಸ್ತೂಲಿನ ವೇಗದಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ನೆಚ್ಚಬಹುದಾದದ್ದು ಗುಂಡು ನೇರವಾಗಿ ಜಜ್ಜಿದ ದಾರಿಯೊಂದನ್ನೇ.

ಇದರಿಂದ ಎಫ್‌ಬಿಐ ಒಂದು ಅಳತೆಗೋಲು ಮಾಡಿಕೊಂಡಿತು. ಗುಂಡು ಜೆಲಟಿನ್‌ನಲ್ಲಿ ಕನಿಷ್ಠ 12 ಅಂಗುಲ ಹೋಗಬೇಕು, 18 ಅಂಗುಲ ಮೀರಬಾರದು. ಎದೆ ಅಷ್ಟು ದಪ್ಪ ಇಲ್ಲವಲ್ಲ ಅಂತೀರಾ? ಮಯಾಮಿಯ ಗುಂಡು ನೆನಪಿಸಿಕೊಳ್ಳಿ. ಅದು ನೇರ ಎದೆಗೆ ಹೋಗಲಿಲ್ಲ, ಮೊದಲು ತೋಳು ಹಾಯಬೇಕಾಯಿತು. ಇನ್ನು 18 ಮೀರಿದರೆ ಹಿಂದೆ ನಿಂತ ಅಮಾಯಕರಿಗೆ ತಗುಲಬಹುದು. ದಪ್ಪ ಬಟ್ಟೆ, ತಗಡು, ಗೋಡೆಯ ಹಲಗೆ, ಪ್ಲೈವುಡ್, ಕಾರಿನ ಗಾಜು, ಇವುಗಳ ಹಿಂದೆ ಜೆಲಟಿನ್ ಇಟ್ಟೂ ಪರೀಕ್ಷಿಸುತ್ತಾರೆ.

ಇಲ್ಲಿ ನಮ್ಮ ದೇಶದ ಕೊಂಡಿಯೊಂದಿದೆ. ಪೊಲೀಸರು ಬಳಸುವ ಗುಂಡಿಗೆ ಮೂತಿಯಲ್ಲಿ ಕುಳಿ ಇರುತ್ತದೆ, ಹಾಲೋ ಪಾಯಿಂಟ್ ಅಂತಾರೆ. ಮೈಯೊಳಗೆ ಹೋದಾಗ ಅದು ಅರಳುತ್ತದೆ, ಅಗಲ ಹೆಚ್ಚುತ್ತದೆ, ಆಳ ಕಡಿಮೆಯಾಗುತ್ತದೆ. ಅರಳುವ ಗುಂಡಿಗೆ ಕುಖ್ಯಾತಿ ತಂದದ್ದು ಕೋಲ್ಕತ್ತದ ಹತ್ತಿರದ ಡಂಡಂ ಶಸ್ತ್ರಾಗಾರ. 1890ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಅಂಥ ರೈಫಲ್ ಗುಂಡು ಮಾಡಿದ್ದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವುಗಳನ್ನು ನಿಷೇಧಿಸಿತು. ಹಾಗಾಗಿ ಯುದ್ಧದಲ್ಲಿ ನಿಷಿದ್ಧವಾದದ್ದು ಪೊಲೀಸರ ಸೊಂಟದಲ್ಲಿ ಇರುತ್ತದೆ, ಅದೂ ದಾರಿಹೋಕರ ಸುರಕ್ಷತೆಯ ಹೆಸರಿನಲ್ಲಿ. ವಿಚಿತ್ರ ಅನ್ನಿಸಬಹುದು, ಆದರೆ ಜನ ತುಂಬಿದ ಬೀದಿಗೂ ರಣರಂಗಕ್ಕೂ ಲೆಕ್ಕ ಬೇರೆ.

ಸರಿ, ಆಳದ ಪರೀಕ್ಷೆಯಲ್ಲಿ ಯಾರು ಗೆದ್ದರು? 1980ರ ದಶಕದ 9 ಮಿ.ಮೀ. ಸೋತಿತು. ಎಫ್‌ಬಿಐ ಮೊದಲು 10 ಮಿ.ಮೀ. ಆಟೋ ಅನ್ನುವ ಬಲವಾದ ತೋಟಾಕ್ಕೆ ಹೋಯಿತು. ಅದರ ಒದೆತ ಜಾಸ್ತಿ ಅಂತ ಮದ್ದು ಕಡಿಮೆ ಮಾಡಿಸಿತು. ಮದ್ದು ಕಡಿಮೆಯಾದ ಮೇಲೆ ಅಷ್ಟುದ್ದದ ಕೊಳವೆ ಯಾಕೆ ಅಂತ ಕತ್ತರಿಸಿದಾಗ ಹುಟ್ಟಿದ್ದೇ .40. ಅಮೆರಿಕದ ಪೊಲೀಸರಲ್ಲಿ ಹೆಚ್ಚಿನವರು ಅದಕ್ಕೆ ಬದಲಾದರು. ಆದರೆ 9 ಮಿ.ಮೀ. ಸುಮ್ಮನೆ ಕೂತಿರಲಿಲ್ಲ. ಅದೇ ಜೆಲಟಿನ್ ಪರೀಕ್ಷೆಯನ್ನು ಗುರಿಯಾಗಿಟ್ಟುಕೊಂಡು ಕಂಪನಿಗಳು ಗುಂಡಿನ ವಿನ್ಯಾಸವನ್ನು ತಿದ್ದಿದವು. ಮೂರು ದಶಕದಲ್ಲಿ ಆಳದಲ್ಲಿ ಮೂರೂ ಒಂದೇ ಮಟ್ಟಕ್ಕೆ ಬಂದವು, ಅರಳಿದ ಮೇಲಿನ ಅಗಲದಲ್ಲಿ ಉಳಿದ ವ್ಯತ್ಯಾಸ ಕೆಲವೇ ಮಿ.ಮೀ. 2014ರಲ್ಲಿ ಎಫ್‌ಬಿಐನ ತರಬೇತಿ ವಿಭಾಗ, ಒಳ್ಳೆಯ ಗುಂಡುಗಳ ನಡುವೆ ಗಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ವಾಪಸ್ಸು 9ಕ್ಕೇ ಹೋಗೋಣ ಅಂತ ಬರೆಯಿತು. ಕಾರಣ ಕೈಯದ್ದು. ಒದೆತ ಕಡಿಮೆ ಇದ್ದರೆ ಹೆಚ್ಚಿನವರು ಬೇಗ, ಹೆಚ್ಚು ನಿಖರವಾಗಿ ಹೊಡೆಯುತ್ತಾರೆ, ಮ್ಯಾಗಜೀನ್‌ನಲ್ಲಿ ಹೆಚ್ಚು ತೋಟಾ ಹಿಡಿಯುತ್ತದೆ. ಹಳೆಯ 1911 ಪಿಸ್ತೂಲಿನಲ್ಲಿ .45ರ ಏಳು ತೋಟಾ, ಗ್ಲಾಕ್ 17ರಲ್ಲಿ 9 ಮಿ.ಮೀ.ಯ ಹದಿನೇಳು. ಅದೇ ಬರಹ ಇನ್ನೊಂದು ಮಾತು ಹೇಳುತ್ತದೆ: ನಿಜವಾದ ಕಾಳಗದಲ್ಲಿ ತರಬೇತಾದ ಪೊಲೀಸರ ನೂರು ಗುಂಡಿನಲ್ಲಿ 70ರಿಂದ 80 ಗುರಿ ತಪ್ಪುತ್ತವೆ. ತಪ್ಪಿದ ಗುಂಡು ಎಷ್ಟು ದಪ್ಪ ಇದ್ದರೇನು? ಅದು ಎಲ್ಲೋ ಹೋಗಿ ಯಾವುದಕ್ಕೋ, ಯಾರಿಗೋ ತಗುಲುತ್ತದೆ, ಅಷ್ಟೇ.

ಹಾಗಾದರೆ 9ರ ಪಕ್ಷ ಗೆದ್ದಿತು, ಸಂಚಿಕೆ ಮುಗಿಯಿತು ಅನ್ನಬಹುದಿತ್ತು. ಆದರೆ ಎರಡು ಮಾತು ಉಳಿದಿವೆ.

ಒಂದು, ಅಂಕಿಅಂಶದ ಬಲೆ. 1990ರ ದಶಕದಲ್ಲಿ "ಒಂದೇ ಗುಂಡಿಗೆ ನಿಂತವರು ಶೇಕಡಾ ಎಷ್ಟು" ಅನ್ನುವ ಪಟ್ಟಿಗಳು ಜನಪ್ರಿಯವಾದವು. ಬೀದಿಯ ನಿಜ ಘಟನೆಗಳ ಲೆಕ್ಕ ಅದು. ಆದರೆ ಎದೆ ಹೊಟ್ಟೆಗೆ ಒಂದಕ್ಕಿಂತ ಹೆಚ್ಚು ಗುಂಡು ತಗುಲಿದ ಪ್ರಕರಣಗಳನ್ನು ಬಿಟ್ಟುಬಿಟ್ಟಿದ್ದರು. ತಲೆನೋವಿನ ಮಾತ್ರೆಯ ಪರೀಕ್ಷೆಯಲ್ಲಿ, ಎರಡನೇ ಮಾತ್ರೆ ನುಂಗಿದವರನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿ, ಒಂದೇ ಮಾತ್ರೆಗೆ ವಾಸಿಯಾದವರು ನೂರಕ್ಕೆ ತೊಂಬತ್ತು ಅಂದ ಹಾಗಾಯಿತು. ಸೋತವರನ್ನು ಲೆಕ್ಕದಿಂದ ಹೊರಗಿಟ್ಟರೆ ಯಾವ ಮದ್ದೂ ರಾಮಬಾಣವೇ.

ಎರಡು, ಬಾಸ್ಟನ್. ಆಂಟನಿ ಬ್ರಾಗಾ ಮತ್ತು ಫಿಲಿಪ್ ಕುಕ್ 2010ರಿಂದ 2014ರವರೆಗೆ ಆ ನಗರದಲ್ಲಿ ಗುಂಡೇಟು ತಿಂದವರ ಪೊಲೀಸ್ ಕಡತಗಳನ್ನು ನೋಡಿ, 2018ರಲ್ಲಿ ಅಧ್ಯಯನ ಪ್ರಕಟಿಸಿದರು. .22, .25, .32ರಂಥ ಸಣ್ಣ ಗಾತ್ರಕ್ಕೆ ಹೋಲಿಸಿದರೆ, 9 ಮಿ.ಮೀ. ಇರುವ ಮಧ್ಯಮ ಗುಂಪಿನಲ್ಲಿ ಸತ್ತವರಿಗೂ ಬದುಕಿದವರಿಗೂ ಇರುವ ಅನುಪಾತ ಸುಮಾರು ಎರಡೂಕಾಲು ಪಟ್ಟು. .40, .45 ಇರುವ ದೊಡ್ಡ ಗುಂಪಿನಲ್ಲಿ ಸುಮಾರು ನಾಲ್ಕೂವರೆ ಪಟ್ಟು. ಗುಂಡು ಎಲ್ಲಿ ತಗುಲಿತು, ಎಷ್ಟು ತಗುಲಿದವು ಅನ್ನುವುದರಲ್ಲಿ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಅರೆ, ಎಫ್‌ಬಿಐ ವ್ಯತ್ಯಾಸ ಇಲ್ಲ ಅಂತು, ಇವರು ಇದೆ ಅಂತಾರಲ್ಲ? ಎರಡೂ ನಿಜ ಆಗಿರಬಹುದು, ಯಾಕೆಂದರೆ ಪ್ರಶ್ನೆ ಬೇರೆ ಬೇರೆ. ಎಫ್‌ಬಿಐ ಕೇಳಿದ್ದು, ಅತ್ಯುತ್ತಮ ಗುಂಡುಗಳಲ್ಲಿ ಯಾವುದು ಎದುರಾಳಿಯನ್ನು ಕೆಲವು ಸೆಕೆಂಡುಗಳಲ್ಲಿ ತಡೆಯುತ್ತದೆ ಅಂತ. ಬಾಸ್ಟನ್‌ನವರು ಕೇಳಿದ್ದು, ಬೀದಿಯಲ್ಲಿ ಸಿಕ್ಕಿದ ಯಾವುದೋ ಗುಂಡು ತಗುಲಿದವನು ಕೊನೆಗೆ ಬದುಕಿದನಾ ಅಂತ. ಗಂಟೆಗಟ್ಟಲೆ ರಕ್ತ ಸೋರುವಾಗ ಕೆಲವು ಮಿ.ಮೀ. ಅಗಲವೂ ಲೆಕ್ಕಕ್ಕೆ ಬರುತ್ತದೆ. ತಡೆಯುವುದರಲ್ಲಿ ದೊಡ್ಡ ಗುಂಡಿನಿಂದ ಸಿಗುವ ಲಾಭ ಅತಿ ಕಡಿಮೆ, ಕೊಲ್ಲುವುದರಲ್ಲಿ ಹೆಚ್ಚು. ನಾವು ಯಾವುದನ್ನು ಅಳೆಯುತ್ತಿದ್ದೇವೆ ಅನ್ನುವುದನ್ನು ಮೊದಲು ತೀರ್ಮಾನಿಸದೆ ಯಾವುದು ಉತ್ತಮ ಅಂತ ಕೇಳುವ ಹಾಗೇ ಇಲ್ಲ.

ಅಂದಹಾಗೆ, ಭಾರತದಲ್ಲಿ ಈ ಚರ್ಚೆ ಸಾಮಾನ್ಯರ ಮನೆಗೆ ಬರುವುದೇ ಇಲ್ಲ. ಅಲ್ಲಿ 9 ಮಿ.ಮೀ. ನಾಗರಿಕರಿಗೆ ನಿಷೇಧಿತ ಬೋರ್, ಪರವಾನಗಿ ಇದ್ದವರಿಗೆ ಮಾಮೂಲಿಯಾಗಿ ಸಿಗುವುದು .32. ಊರಲ್ಲಿ ನಮ್ಮಲ್ಲಿ ಹೆಚ್ಚಿನವರು ಪಿಸ್ತೂಲನ್ನು ಕೈಯಲ್ಲಿ ಹಿಡಿದು ಕೂಡ ನೋಡಿಲ್ಲ. ಇಲ್ಲಿಗೆ ಬಂದ ಮೇಲೆ ಅದು ಅಂಗಡಿಯಲ್ಲಿ ಸಿಗುವ ವಸ್ತು. ಹಾಗಾಗಿ ಟೆಕ್ಸಸ್‌ನ ಗೆಳೆಯರ ಪ್ರಶ್ನೆಗೆ ಹಗುರಾಗಿ ಉತ್ತರ ಕೊಡಲು ಮನಸ್ಸು ಬರಲಿಲ್ಲ.

ನೀವು ಕೇಳಿದ್ದಕ್ಕೆ ನೇರ ಉತ್ತರ ಹೀಗಿದೆ: ಎರಡು ತೋಟಾಗಳ ನಡುವಿನ ವ್ಯತ್ಯಾಸ ನಿಮ್ಮ ಗೆಳೆಯರು ಹೇಳುವಷ್ಟು ದೊಡ್ಡದಲ್ಲ. ಆದರೆ ನೀವು ಕೇಳದ ಇನ್ನೊಂದು ಪ್ರಶ್ನೆಗೂ ಅಂಕಿಅಂಶ ಇದೆ. ಕ್ಯಾಲಿಫೋರ್ನಿಯಾದ ಸುಮಾರು 2 ಕೋಟಿ 60 ಲಕ್ಷ ವಯಸ್ಕರನ್ನು ವರ್ಷಗಟ್ಟಲೆ ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ ಅದು. ಕೈಬಂದೂಕು ಹೊಂದಿದ ಗಂಡಸರು ಗುಂಡು ಹೊಡೆದುಕೊಂಡು ಸಾಯುವ ಪ್ರಮಾಣ ಹೊಂದಿಲ್ಲದವರಿಗಿಂತ ಸುಮಾರು ಎಂಟು ಪಟ್ಟು, ಹೆಂಗಸರಲ್ಲಿ ಸುಮಾರು 35 ಪಟ್ಟು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48 ಸಾವಿರಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕಳ್ಳನಿಗೆ ಅಂತ ತಂದದ್ದು ಮನೆಯಲ್ಲೇ ಇರುತ್ತದೆ. ಕಳ್ಳ ಬರದ ದಿನವೂ ಇರುತ್ತದೆ, ಮನೆಯವರ ಮನಸ್ಸು ಕೆಟ್ಟ ದಿನವೂ ಇರುತ್ತದೆ, ಮಗು ಕಪಾಟು ತಡಕಿದ ದಿನವೂ ಇರುತ್ತದೆ.

ತಗೊಳ್ಳಬೇಡಿ ಅಂತ ಹೇಳುವ ಅಧಿಕಾರ ನಮಗಿಲ್ಲ. ನಿಮ್ಮ ಭಯ ನಿಜ, ತೀರ್ಮಾನ ನಿಮ್ಮ ಮನೆಯದ್ದು. ತಗೊಂಡರೆ ಮೊದಲು ಸರಿಯಾಗಿ ಕಲಿಯಿರಿ. ಪಿಸ್ತೂಲನ್ನು ಖಾಲಿ ಮಾಡಿ ಬೀಗದಲ್ಲಿ ಇಡಿ, ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿ ಇಡಿ. ಮಕ್ಕಳು ಆಟಕ್ಕೆ ಹೋಗುವ ಮನೆಯಲ್ಲಿ ಬಂದೂಕು ಇದೆಯಾ, ಬೀಗದಲ್ಲಿದೆಯಾ ಅಂತ ಕೇಳಲು ಸಂಕೋಚ ಪಡಬೇಡಿ. ಕಡಲೆಕಾಯಿ ಅಲರ್ಜಿ ಬಗ್ಗೆ ಕೇಳುವುದಿಲ್ಲವಾ, ಹಾಗೆಯೇ ಇದೂ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಅಷ್ಟು ದಿನ ಅದು ಮನೆಯಿಂದ ಹೊರಗಿರಲಿ. ಅಮೆರಿಕದಲ್ಲಿರುವವರಿಗೆ 988ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಮಾತಾಡುವವರು ಸಿಗುತ್ತಾರೆ.

ನಮ್ಮ ಭಾಷೆಯಲ್ಲಿ ಮದ್ದು ಅನ್ನುವ ಒಂದೇ ಪದ ಔಷಧಿಗೂ ಆಗುತ್ತದೆ, ತೋಟಾದ ಒಳಗಿನ ಪುಡಿಗೂ ಆಗುತ್ತದೆ. ಭಯಕ್ಕೆ ಯಾವ ಮದ್ದು ಅಂತ ಯೋಚಿಸುವಾಗ, ಗುಂಡಿನ ಗಾತ್ರದ ಮಾತು ಕೊನೆಗಿರಲಿ. ಬಾಗಿಲಿನ ಚಿಲಕ, ಅಂಗಳದ ದೀಪ, ಪಕ್ಕದ ಮನೆಯವರ ಫೋನ್ ನಂಬರ್, ಇವು ಮೊದಲು ಬರಲಿ.

ನಿಮ್ಮ ಅನಿಸಿಕೆ ಬರೆದು ಕಳಿಸಿ, ಜಗಳ ಇದ್ದರೆ ಅದನ್ನೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.